ಆಟೋಮ್ಯಾಟಿಕ್ ಕಾರು ನಿಲ್ಲಿಸುವಾಗ: ‘ಪಿ’ ಸಾಕಾ, ಹ್ಯಾಂಡ್‌ಬ್ರೇಕ್ ಬೇಕಾ, ಸಿಗ್ನಲ್‌ನಲ್ಲಿ ‘ಎನ್’ ಹಾಕಬೇಕಾ?

ಆಟೋಮ್ಯಾಟಿಕ್ ಕಾರು ತೆಗೆದುಕೊಂಡ ಹೊಸದರಲ್ಲಿ ಒಂದು ಸಂಜೆ ಅದನ್ನು ಏರಿನಲ್ಲಿ ನಿಲ್ಲಿಸಿದೆ. ಬ್ರೇಕ್ ಒತ್ತಿದೆ, ಲಿವರನ್ನು ‘ಪಿ’ಗೆ, ಅಂದರೆ ಪಾರ್ಕ್‌ಗೆ, ತಳ್ಳಿದೆ, ಕಾಲು ತೆಗೆದೆ. ಕಾರು ಒಂದು ಗೇಣಿನಷ್ಟು ಹಿಂದಕ್ಕೆ ಜರುಗಿ ‘ಟಕ್’ ಅಂತ ನಿಂತಿತು. ನಿಂತಿತಲ್ಲ, ಸಾಕು ಅಂದುಕೊಂಡು ಹೋದೆ. ಬೆಳಿಗ್ಗೆ ಬಂದು ಲಿವರ್ ಎಳೆದರೆ ಬರುತ್ತಲೇ ಇಲ್ಲ. ಎರಡನೇ ಸಲ ಜೋರಾಗಿ ಎಳೆದೆ. ಕಾರಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ‘ಠಣ್’ ಅಂತ ಸದ್ದಾಯಿತು, ಪೆಟ್ಟು ಸೀಟಿನವರೆಗೂ ಬಂತು. ಗೇರ್‌ಬಾಕ್ಸ್ ಹೋಯಿತು ಅಂತಲೇ ಅಂದುಕೊಂಡೆ. ಹೋಗಿರಲಿಲ್ಲ. ಆದರೆ ಇಡೀ ರಾತ್ರಿ ಕಾರಿನ ಭಾರವನ್ನು ಯಾವುದರ ಮೇಲೆ ಹೊರಿಸಿದ್ದೆ ಅಂತ ಆಮೇಲೆ ಗೊತ್ತಾದಾಗ ನಾಚಿಕೆಯಾಯಿತು.

ಅಲ್ಲಿಂದ ನನಗೊಂದು ಅಭ್ಯಾಸ. ಕಾರು ನಿಂತಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗ ಇದನ್ನು ಹಿಡಿದಿರುವುದು ಯಾವುದು? ನನ್ನ ಕಾಲಾ, ಗೇರ್‌ಬಾಕ್ಸಾ, ಹ್ಯಾಂಡ್‌ಬ್ರೇಕಾ, ಇಲ್ಲ ಯಾವುದೋ ಬಟನ್ನಾ? ಪಿ ಸಾಕಾ, ಎನ್ (ನ್ಯೂಟ್ರಲ್) ಒಳ್ಳೆಯದಾ, ಕಾರು ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ನಂಬಬಹುದಾ ಅಂತ ಜನ ಕೇಳುವ ಎಲ್ಲ ಪ್ರಶ್ನೆಗೂ ಉತ್ತರ ಈ ಒಂದರಿಂದಲೇ ಸಿಗುತ್ತದೆ.

ಪಿ ಅಂದರೆ ಅಗುಳಿ, ಬ್ರೇಕ್ ಅಲ್ಲ

ಲಿವರ್ ಪಿಗೆ ಹೋದಾಗ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಉಕ್ಕಿನ ಕೊಂಡಿ ಇಳಿದು, ಹಲ್ಲು ಇರುವ ಒಂದು ಚಕ್ರದ ಸಂದಿಗೆ ಕೂರುತ್ತದೆ. ಇದಕ್ಕೆ ಪಾರ್ಕಿಂಗ್ ಪಾಲ್ ಅನ್ನುತ್ತಾರೆ. ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಅಷ್ಟೇ. ಕೊಂಡಿ ಹಲ್ಲಿನ ನೆತ್ತಿಯ ಮೇಲೆ ನಿಂತರೆ ಕೆಳಗೆ ಇಳಿಯುವುದಿಲ್ಲ, ಕಾರು ಸ್ವಲ್ಪ ಜರುಗಿ ಮುಂದಿನ ಸಂದಿ ಸಿಕ್ಕ ಮೇಲೆ ಬೀಳುತ್ತದೆ. ಆವತ್ತು ನನ್ನ ಕಾರು ಗೇಣು ಜರುಗಿ ಟಕ್ ಅಂದದ್ದು ಅದಕ್ಕೇ.

ಒಂದು ಸಣ್ಣ ಲೆಕ್ಕ ನೋಡಿ. ಕಾರು 1300 ಕೆಜಿ ಇದೆ ಅನ್ನಿ. ಹತ್ತು ಮೀಟರ್‌ಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ನಿಂತಿದೆ. ಕೆಳಕ್ಕೆ ಎಳೆಯುವ ಬಲ ಸುಮಾರು 130 ಕೆಜಿಯಷ್ಟು. ಅದೆಲ್ಲ ಆ ಸಣ್ಣ ಕೊಂಡಿಯ ಪಾಲು. ಮುರಿಯುತ್ತದೆ ಅಂತ ಹೇಳುತ್ತಿಲ್ಲ, ಅದನ್ನು ಅಷ್ಟು ಗಟ್ಟಿಯಾಗಿಯೇ ಮಾಡಿರುತ್ತಾರೆ. ಆದರೆ ಹಿಂದಿನಿಂದ ಇನ್ನೊಂದು ಕಾರು ಬಂದು ಸುಮ್ನೆ ತಟ್ಟಿದರೂ ಸಾಕು, ಆ ಪೆಟ್ಟು ನೇರ ಕೊಂಡಿಗೇ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಪಿ ಹಿಡಿಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅವು ಮುಂದಿನ ಎರಡು. ಆ ಎರಡರ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳೂ ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರ್ ಜೋಡಣೆ, ಇರುವುದರಿಂದ, ಪಂಕ್ಚರ್ ಆಯಿತು ಅಂತ ಒಂದು ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಕಥೆ ಮುಗಿಯಿತು. ಗಾಳಿಯಲ್ಲಿರುವ ಚಕ್ರ ಒಂದು ಕಡೆ ತಿರುಗುತ್ತದೆ, ನೆಲದ ಮೇಲಿರುವುದು ಇನ್ನೊಂದು ಕಡೆ ಉರುಳುತ್ತದೆ, ಪಿ ಮಾತ್ರ ಪಿಯಲ್ಲೇ ಇರುತ್ತದೆ. ಹ್ಯಾಂಡ್‌ಬ್ರೇಕ್ ಹಾಗಲ್ಲ, ಅದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಒಂದೊಂದಾಗಿ ಹಿಡಿಯುತ್ತದೆ.

ಹಾಗಾದರೆ ಪಿ ಮಾತ್ರ, ಹ್ಯಾಂಡ್‌ಬ್ರೇಕ್ ಮಾತ್ರ, ಎರಡೂ?

ಸಮತಟ್ಟಾದ ಜಾಗದಲ್ಲಿ ಪಿ ಮಾತ್ರ ಹಾಕಿ ಹೋದರೂ ಕಾರು ಎಲ್ಲೂ ಹೋಗುವುದಿಲ್ಲ. ನಿಜ. ಆದರೆ ಸಮತಟ್ಟಾದಲ್ಲಿ ಬಿಟ್ಟ ಅಭ್ಯಾಸ ಇಳಿಜಾರಿನಲ್ಲಿ ನೆನಪಿಗೆ ಬರುವುದಿಲ್ಲ. ಇನ್ನು ಪಿ ಹಾಕದೆ ಹ್ಯಾಂಡ್‌ಬ್ರೇಕ್ ಮಾತ್ರ ಎಳೆದು ಹೋಗುವುದಂತೂ ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ಕೇಬಲ್ ಸಡಿಲ ಆಗಿರಬಹುದು. ಬಿಸಿಯಾಗಿದ್ದ ಬ್ರೇಕ್ ಆರಿದ ಮೇಲೆ ಹಿಡಿತ ಕಡಿಮೆಯಾಗಬಹುದು. ಒಂದೇ ಹಗ್ಗಕ್ಕೆ ದನ ಕಟ್ಟಿದ ಹಾಗೆ. ಎರಡೂ ಹಾಕಿ. ಮುಂದಿನ ಚಕ್ರಕ್ಕೆ ಎಂಜಿನ್ ಇರುವ ಕಾರಿನಲ್ಲಿ ಆಗ ನಾಲ್ಕೂ ಚಕ್ರ ಹಿಡಿದ ಹಾಗೆ ಆಗುತ್ತದೆ.

ಎರಡೂ ಹಾಕುತ್ತೇನೆ ಅನ್ನುವವರಲ್ಲೂ ಹೆಚ್ಚಿನವರು ಕ್ರಮ ತಪ್ಪುತ್ತಾರೆ, ನಾನೂ ತಪ್ಪುತ್ತಿದ್ದೆ. ಮೊದಲು ಪಿ ಹಾಕಿ, ಕಾಲು ತೆಗೆದು, ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದರೆ ಕೊಂಡಿಗೆ ಏನೂ ಪ್ರಯೋಜನ ಇಲ್ಲ. ಕಾರಿನ ಭಾರ ಆಗಲೇ ಕೊಂಡಿಯ ಮೇಲೆ ಕೂತಿರುತ್ತದೆ. ಕಾಲು ಬ್ರೇಕ್ ಮೇಲೆ ಇರುವಾಗಲೇ ಲಿವರ್ ಎನ್‌ಗೆ ತನ್ನಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಈಗ ಕಾಲನ್ನು ನಿಧಾನಕ್ಕೆ ಸಡಿಲ ಮಾಡಿ, ಕಾರು ಒಂಚೂರು ವಾಲಿ ಹ್ಯಾಂಡ್‌ಬ್ರೇಕ್ ಮೇಲೆ ಕೂರುವುದು ಮೈಗೇ ಗೊತ್ತಾಗುತ್ತದೆ. ಕೂತಿತಾ? ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ, ಎಂಜಿನ್ ಆಫ್ ಮಾಡಿ. ಬರೆಯಲು ಉದ್ದ, ಮಾಡಲು ಮೂರು ಸೆಕೆಂಡ್. ಹೊರಡುವಾಗ ಇದರ ತಿರುಗುಮುರುಗು: ಮೊದಲು ಪಿಯಿಂದ ಲಿವರ್ ತೆಗೆಯಿರಿ, ಹ್ಯಾಂಡ್‌ಬ್ರೇಕ್ ಆಮೇಲೆ ಬಿಡಿ. ಆ ‘ಠಣ್’ ಇನ್ನೆಂದೂ ಕೇಳಿಸುವುದಿಲ್ಲ.

ಇಳಿಜಾರು ಜಾಸ್ತಿ ಇದ್ದರೆ ಸ್ಟೀರಿಂಗ್ ಕೂಡ ಕೆಲಸಕ್ಕೆ ಬರುತ್ತದೆ. ಪಕ್ಕದಲ್ಲಿ ಫುಟ್‌ಪಾತ್ ಅಂಚು ಇದೆ ಅನ್ನಿ. ಮೂತಿ ಕೆಳಕ್ಕೆ ಇದ್ದರೆ ಮುಂದಿನ ಚಕ್ರವನ್ನು ಅಂಚಿನ ಕಡೆಗೆ ತಿರುಗಿಸಿ. ಮೂತಿ ಮೇಲಕ್ಕೆ ಇದ್ದರೆ ಅಂಚಿನಿಂದ ಆಚೆಗೆ. ಎಲ್ಲ ಕೈಕೊಟ್ಟರೂ ಕಾರು ಅಂಚಿಗೆ ತಗಲಿ ನಿಲ್ಲುತ್ತದೆ, ರಸ್ತೆಗೆ ಇಳಿಯುವುದಿಲ್ಲ. ಅಂಚೇ ಇಲ್ಲದ ಕಡೆ ಏರಿರಲಿ ಇಳಿತವಿರಲಿ ರಸ್ತೆಯಿಂದ ಆಚೆಗೆ ಉರುಳುವ ಹಾಗೆ ತಿರುಗಿಸಿ.

ಎರಡನ್ನೂ ಒಟ್ಟಿಗೆ ಹಾಕುವುದು ಬೇಡ ಅನ್ನುವ ಸಂದರ್ಭ ಒಂದಿದೆ. ಕಾರನ್ನು ವಾರಗಟ್ಟಲೆ ತೇವದ ಜಾಗದಲ್ಲಿ ಬಿಟ್ಟು ಹೋಗುವುದಾದರೆ ಹ್ಯಾಂಡ್‌ಬ್ರೇಕ್ ತುಕ್ಕು ಹಿಡಿದು ಅಂಟಿಕೊಳ್ಳಬಹುದು. ಆಗ ಸಮತಟ್ಟಾದ ಜಾಗ ನೋಡಿ ಪಿ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು ಹೋಗುವುದು ಒಳ್ಳೆಯದು.

ಯಾವ ಗೇರ್‌ಬಾಕ್ಸ್ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ

‘ಆಟೋಮ್ಯಾಟಿಕ್’ ಅಂತ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಕೊಳ್ಳುವಾಗ ಮೈಲೇಜ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಪಿ ಇದೆಯಾ ಅಂತ ಕೇಳುವವರು ಕಡಿಮೆ.

ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಬಹುತೇಕ ಎಎಂಟಿ ಕಾರುಗಳಲ್ಲಿ ಪಿ ಇರುವುದೇ ಇಲ್ಲ. ಆರ್ (ರಿವರ್ಸ್), ಎನ್, ಡಿ (ಡ್ರೈವ್, ಮುಂದಕ್ಕೆ) ಅಷ್ಟೇ. ಇಲ್ಲಿಯೇ ಜನ ಎಡವುವುದು. ಎನ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಇಳಿದುಬಿಡುತ್ತಾರೆ. ಮ್ಯಾನುಯಲ್ ಕಾರನ್ನು ಗೇರ್‌ನಲ್ಲಿ ನಿಲ್ಲಿಸುವ ಹಾಗೆ ಇದನ್ನೂ ನಿಲ್ಲಿಸಬೇಕು. ಬ್ರೇಕ್ ಒತ್ತಿಕೊಂಡೇ ಹ್ಯಾಂಡ್‌ಬ್ರೇಕ್ ಎಳೆದು, ಡಿ ಅಥವಾ ಆರ್‌ನಲ್ಲಿ ಇಟ್ಟು ಎಂಜಿನ್ ಆಫ್ ಮಾಡಿ. ಏರಿನಲ್ಲಿ ಡಿ, ಇಳಿತದಲ್ಲಿ ಆರ್. ಎಂಜಿನ್ ನಿಂತ ಮೇಲೆ ಕ್ಲಚ್ ಕೂಡಿಕೊಂಡು ಎಂಜಿನ್ನೇ ಚಕ್ರವನ್ನು ಹಿಡಿಯುತ್ತದೆ. ಇದೇನೂ ಹೊಸ ಉಪಾಯ ಅಲ್ಲ. ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಹಾಕಿದ ಹೈಡ್ರಾಮ್ಯಾಟಿಕ್, ಅಂದರೆ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ತಿ ಆಟೋಮ್ಯಾಟಿಕ್‌ನಲ್ಲೂ ಪಿ ಇರಲಿಲ್ಲ. ಎಂಜಿನ್ ಆಫ್ ಮಾಡಿ ರಿವರ್ಸ್‌ಗೆ ಹಾಕಿ ನಿಲ್ಲಿಸುತ್ತಿದ್ದರು.

ಟಾರ್ಕ್ ಕನ್ವರ್ಟರ್ ಹಳೆಯ ನಂಬಿಕಸ್ಥ ಆಳು. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆ ಇದೆ, ಅದೇ ಸೇತುವೆ. ಬ್ರೇಕ್ ಬಿಟ್ಟರೆ ಕಾರು ತಾನೇ ತೆವಳುತ್ತದೆ. ಇಂಚಿಂಚು ಜರುಗುವ ಟ್ರಾಫಿಕ್‌ಗೆ ಇದಕ್ಕಿಂತ ಸಹನೆ ಇರುವುದು ಇನ್ನೊಂದಿಲ್ಲ. ಪಿ ಇದೆ, ಕೊಂಡಿ ಇದೆ, ಮೇಲೆ ಹೇಳಿದ ಕ್ರಮ ಹಾಗೇ ಅನ್ವಯ. ಸಿವಿಟಿಯಲ್ಲಿ ಹಲ್ಲಿನ ಗೇರ್‌ಗಳ ಬದಲು ಬೆಲ್ಟು, ಅಗಲ ಬದಲಾಗುವ ಪುಲ್ಲಿ. ನಿಲ್ಲಿಸುವ ಮಟ್ಟಿಗೆ ವ್ಯತ್ಯಾಸ ಏನೂ ಇಲ್ಲ.

ಡಿಸಿಟಿ ಚುರುಕು, ಆದರೆ ಸ್ವಲ್ಪ ಮುಂಗೋಪಿ. ಅದರಲ್ಲಿ ಎರಡು ಕ್ಲಚ್. ಡ್ರೈ ಕ್ಲಚ್ ಮಾದರಿಯಾದರೆ ಬಿಸಿಯನ್ನು ಒಯ್ಯಲು ಎಣ್ಣೆ ಇಲ್ಲ. ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ಕೊಟ್ಟು ಕಾರನ್ನು ನಿಂತಲ್ಲೇ ನಿಲ್ಲಿಸಿಕೊಳ್ಳುವ ಚಟ ಕೆಲವರಿಗೆ ಇದೆಯಲ್ಲ, ಅದು ಈ ಕ್ಲಚ್‌ಗೆ ಒಲೆಯ ಮೇಲೆ ಇಟ್ಟ ಹಾಗೆ. ಎಎಂಟಿಗೂ ಅಷ್ಟೇ. ಏರಿನಲ್ಲಿ ಕಾರನ್ನು ಹಿಡಿಯಬೇಕಾದದ್ದು ಬ್ರೇಕ್, ಆಕ್ಸಿಲರೇಟರ್ ಅಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ತೊಂದರೆ ಬೇರೆಯದು: ಸದ್ದಿಲ್ಲ. ಕಾರು ಆನ್ ಇದೆಯೋ ಇಲ್ಲವೋ ಕಿವಿಗೆ ಗೊತ್ತಾಗುವುದಿಲ್ಲ. ಡಿಯಲ್ಲೇ ಇದೆ, ಆಟೋ ಹೋಲ್ಡ್ ಹಿಡಿದುಕೊಂಡಿದೆ, ನೀವು ನಿಂತಿತು ಅಂದುಕೊಂಡು ಬಾಗಿಲು ತೆಗೆಯುತ್ತೀರಿ. ಡ್ಯಾಶ್‌ಬೋರ್ಡ್ ಮೇಲೆ ಪಿ ಅಕ್ಷರ ಕಣ್ಣಾರೆ ನೋಡಿ ಆಮೇಲೆ ಬೆಲ್ಟ್ ಬಿಚ್ಚಿ.

ಲಿವರ್, ಬಟನ್, ತಿರುಗಿಸುವ ಗುಂಡಿ

ನನಗೆ ಹಳೆಯ ಲಿವರ್ ಇಷ್ಟ. ಪಿಯಲ್ಲಿದ್ದರೆ ಪಿಯಲ್ಲೇ ನಿಂತಿರುತ್ತದೆ, ಕತ್ತಲಲ್ಲಿ ಮುಟ್ಟಿ ನೋಡಿದರೂ ತಿಳಿಯುತ್ತದೆ. ಹೊಸ ಕಾರುಗಳಲ್ಲಿ ಹಲವಕ್ಕೆ ಲಿವರ್ ತಳ್ಳಿದ ಮೇಲೆ ತಾನೇ ನಡುವಿಗೆ ವಾಪಸ್ ಬರುತ್ತದೆ. ಯಾವ ಗೇರ್‌ನಲ್ಲಿದೆ ಅಂತ ಕೈಗೆ ಗೊತ್ತಾಗುವುದಿಲ್ಲ, ಕಣ್ಣೇ ನೋಡಬೇಕು. ಇದು ಬರೀ ಗೊಣಗಾಟ ಅಲ್ಲ. 2016ರ ಏಪ್ರಿಲ್‌ನಲ್ಲಿ ಫಿಯೆಟ್ ಕ್ರೈಸ್ಲರ್ ಇಂಥದೇ ಲಿವರ್ ಇದ್ದ 11 ಲಕ್ಷ ವಾಹನಗಳನ್ನು ವಾಪಸ್ ಕರೆಸಿತು. ಪಿಯಲ್ಲಿದೆ ಅಂದುಕೊಂಡು ಜನ ಇಳಿಯುತ್ತಿದ್ದರು, ಗಾಡಿ ಉರುಳುತ್ತಿತ್ತು. ಆ ಪಟ್ಟಿಯಲ್ಲಿದ್ದ ಜೀಪ್ ಗ್ರ್ಯಾಂಡ್ ಚೆರೋಕಿ ಒಂದು ಅದೇ ಜೂನ್‌ನಲ್ಲಿ ಅಮೆರಿಕದ ನಟ ಆಂಟನ್ ಯೆಲ್ಚಿನ್ ಅವರ ಮನೆಯ ಇಳಿಜಾರಿನಲ್ಲಿ ಉರುಳಿ, ಅವರು ಅದಕ್ಕೂ ಇಟ್ಟಿಗೆ ಕಂಬ, ಬೇಲಿಗೂ ನಡುವೆ ಸಿಕ್ಕಿ ತೀರಿಕೊಂಡರು. 27 ವರ್ಷ ವಯಸ್ಸು.

ಇಂಥ ಕಾರು ಇದ್ದರೆ ಮಾರಿಬಿಡಿ ಅಂತಲ್ಲ. ಕಾಲು ಬ್ರೇಕ್‌ನಿಂದ ಪೂರ್ತಿ ತೆಗೆಯುವ ಮೊದಲು ಒಂದು ಕ್ಷಣ ಸಡಿಲ ಮಾಡಿ ನೋಡಿ. ಕಾರು ಕದಲಿತಾ? ಕದಲಿದರೆ ನಿಮ್ಮ ಕಾಲು ಇನ್ನೂ ಅಲ್ಲೇ ಇದೆಯಲ್ಲ. ಮತ್ತೆ, ಎಂಜಿನ್ ಓಡುತ್ತಿರುವಾಗ ಗೇಟ್ ತೆಗೆಯಲು, ಚೀಲ ಇಳಿಸಲು ಅಂತ ಕಾರಿನಿಂದ ಇಳಿಯಬೇಡಿ. ಉರುಳುವ ಕಾರನ್ನು ಕೈಯಲ್ಲಿ ತಡೆಯಲು ಅಥವಾ ಓಡಿ ಹತ್ತಲು ಯಾವತ್ತೂ ಹೋಗಬೇಡಿ.

ಹ್ಯಾಂಡ್‌ಬ್ರೇಕ್‌ನಲ್ಲೂ ಇದೇ ಹೋಲಿಕೆ. ಕೈಯಲ್ಲಿ ಎಳೆಯುವುದರಲ್ಲಿ ಬಿಗಿ ಎಷ್ಟಿದೆ ಅಂತ ಅಂಗೈಗೆ ತಿಳಿಯುತ್ತದೆ, ಅರ್ಧ ಎಳೆಯುವ ಸೋಮಾರಿತನಕ್ಕೂ ಅವಕಾಶ ಇದೆ. ಎಲೆಕ್ಟ್ರಾನಿಕ್ ಬಟನ್‌ನಲ್ಲಿ ಮೋಟರ್ ಪ್ರತಿ ಸಲ ಪೂರ್ತಿ ಬಿಗಿಯುತ್ತದೆ. ಆದರೆ ಬ್ಯಾಟರಿ ಸತ್ತರೆ ಬಿಡಿಸಲು ಆಗುವುದಿಲ್ಲ. ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ಕೇ ಮೇಲು, ಯಾಕೆಂದರೆ ಮನುಷ್ಯರ ಕೈ ದಿನಾ ಒಂದೇ ಥರ ಇರುವುದಿಲ್ಲ.

ಆಟೋ ಹೋಲ್ಡ್ ಮತ್ತು ಹಿಲ್ ಹೋಲ್ಡ್ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ. ಹಿಲ್ ಹೋಲ್ಡ್ ಹಿಡಿಯುವುದು ಎರಡು ಮೂರು ಸೆಕೆಂಡ್ ಅಷ್ಟೇ. ಕಾಲು ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಹೋಗುವವರೆಗೆ ಮಾತ್ರ ಸಹಾಯ, ಫೋನ್ ನೋಡಿಕೊಂಡು ಕೂತರೆ ಹಿಂದಕ್ಕೆ ಜಾರುತ್ತೀರಿ. ಆಟೋ ಹೋಲ್ಡ್ ಜಾಸ್ತಿ ಹೊತ್ತು ಹಿಡಿಯುತ್ತದೆ, ಸಿಗ್ನಲ್‌ನಲ್ಲಿ ಕಾಲಿಗೆ ವಿಶ್ರಾಂತಿ. ಎರಡೂ ಪಾರ್ಕಿಂಗ್‌ಗೆ ಅಲ್ಲ.

ಸಿಗ್ನಲ್‌ನಲ್ಲಿ ಡಿ, ಎನ್, ಪಿ: ಯಾವುದು?

ಅರ್ಧ ನಿಮಿಷದ ಸಿಗ್ನಲ್ ಆದರೆ ಡಿಯಲ್ಲೇ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಇರಿ. ‘ಗಟ್ಟಿಯಾಗಿ’ ಅನ್ನುವುದು ಮುಖ್ಯ. ಡಿಸಿಟಿಯಲ್ಲಿ ಪೂರ್ತಿ ಒತ್ತಿದರೆ ಕ್ಲಚ್ ಬಿಡಿಸಿಕೊಳ್ಳುತ್ತದೆ, ಅರ್ಧಂಬರ್ಧ ಒತ್ತಿದರೆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಮುಂದಿನ ಕಾರು ಒಂದಡಿ ಹೋದರೆ ನೀವೂ ಒಂದಡಿ ಹೋಗಬೇಕಾಗಿಲ್ಲ, ಒಂದು ಕಾರಿನಷ್ಟು ಜಾಗ ಆಗುವವರೆಗೆ ಬಿಟ್ಟು ಒಂದೇ ಸಲ ಹೋಗಿ.

ಎರಡು ಮೂರು ನಿಮಿಷ ನಿಲ್ಲಬೇಕು ಅಂತ ಗೊತ್ತಿದ್ದರೆ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯುವುದು ಆರಾಮ. ಎಎಂಟಿಗೆ ಇದು ಇನ್ನೂ ಒಳ್ಳೆಯದು. ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯದೆ ಕಾಲು ತೆಗೆದರೆ ಆ ಕಾರನ್ನು ಯಾರೂ ಹಿಡಿದಿಲ್ಲ, ನೆನಪಿರಲಿ.

ಪಿ ಮಾತ್ರ ಸಿಗ್ನಲ್‌ನಲ್ಲಿ ಬೇಡ. ಹಿಂದಿನಿಂದ ಯಾರಾದರೂ ಗುದ್ದಿದರೆ ಕೊಂಡಿಗೆ ಪೆಟ್ಟು. ಅದೂ ಅಲ್ಲದೆ, ಲಿವರ್ ಪಿಗೆ ಹೋಗುವಾಗ ಬರುವಾಗ ಎರಡು ಸಲವೂ ಆರ್ ದಾಟಬೇಕು. ರಾತ್ರಿ ಹೊತ್ತು ನಿಮ್ಮ ಹಿಂದಿರುವವನಿಗೆ ನಿಮ್ಮ ಬಿಳಿ ರಿವರ್ಸ್ ದೀಪ ಫಳ್ ಅಂತ ಹೊತ್ತಿ ಆರುತ್ತದೆ. ಅವನ ಎದೆಯೂ ಅಷ್ಟೇ ಫಳ್ ಅನ್ನುತ್ತದೆ.

ಇಳಿತದಲ್ಲಿ

ಬೆಟ್ಟದ ರಸ್ತೆ ಇಳಿಯುವಾಗ ಎನ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವ ನಂಬಿಕೆ ಇನ್ನೂ ಸತ್ತಿಲ್ಲ. ಈಗಿನ ಎಂಜಿನ್‌ಗಳು ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ಎಂಜಿನನ್ನು ಚಕ್ರಗಳೇ ತಿರುಗಿಸುತ್ತವೆ. ಎನ್ ಹಾಕಿದರೆ ಎಂಜಿನ್ ನಿಲ್ಲದಂತೆ ಇಂಧನ ಕುಡಿಯಲೇಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಹೋಗುವುದು ಇದಕ್ಕಿಂತ ವಾಸಿ, ಆದರೆ ಉದ್ದ ಇಳಿತದಲ್ಲಿ ಬ್ರೇಕ್ ಕಾದು ವಾಸನೆ ಬಂದು ಪೆಡಲ್ ಒತ್ತಿದರೂ ಕಾರು ನಿಧಾನ ಆಗದ ಹಂತ ಬರಬಹುದು. ಎಂಜಿನ್ನಿನ ತಡೆ ಹೆಚ್ಚಿಸುವ ಎಲ್, 2, ಎಸ್, ಬಿ, ಅಥವಾ ಪ್ಲಸ್-ಮೈನಸ್ ಇರುವ ಮ್ಯಾನುಯಲ್ ಮೋಡ್, ನಿಮ್ಮ ಕಾರಿನಲ್ಲಿ ಯಾವುದಿದೆಯೋ ಅದನ್ನು ಬಳಸಿ. ಎಂಜಿನ್ ಸದ್ದು ಜಾಸ್ತಿಯಾಗುತ್ತದೆ. ಹೆದರಬೇಡಿ, ಅದು ನಿಮ್ಮ ಪರವಾಗಿ ಕಾರನ್ನು ಹಿಡಿಯುತ್ತಿರುವ ಸದ್ದು.

ಒಂದು ಕಾಲಾ, ಎರಡು ಕಾಲಾ?

ಒಂದೇ, ಬಲಗಾಲು. ಮ್ಯಾನುಯಲ್‌ನಿಂದ ಬಂದ ನನ್ನ ಗೆಳೆಯನೊಬ್ಬ ಮೊದಲ ದಿನ ಅಭ್ಯಾಸಬಲದಿಂದ ಕ್ಲಚ್ ಅಂತ ಎಡಗಾಲಲ್ಲಿ ಬ್ರೇಕ್ ಒತ್ತಿದ. ಕ್ಲಚ್ ಒತ್ತಿ ಪಳಗಿದ ಕಾಲಿಗೆ ಮೆಲ್ಲಗೆ ಒತ್ತುವುದು ಗೊತ್ತಿಲ್ಲವಲ್ಲ. ಕಾರು ಗಕ್ಕನೆ ನಿಂತು, ಹಿಂದಿನ ಸೀಟಿನಲ್ಲಿದ್ದ ನನ್ನ ಕನ್ನಡಕ ಮುಂದಿನ ಸೀಟಿಗೆ ಹೋಯಿತು. ಎಡಗಾಲನ್ನು ಪೆಡಲ್‌ಗಳ ಪಕ್ಕದ ಕಾಲಿಡುವ ಜಾಗದಲ್ಲಿ ಇಟ್ಟು ಮರೆತುಬಿಡಿ.

ಇದಕ್ಕಿಂತ ಅಪಾಯ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತುವುದು. 1980ರ ದಶಕದಲ್ಲಿ ಆಡಿ 5000 ಕಾರು ತಾನೇ ನುಗ್ಗುತ್ತದೆ ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ಮಾಡಿ, 1989ರ ವರದಿಯಲ್ಲಿ ಇಂಥ ಹೆಚ್ಚಿನ ಘಟನೆಗಳಿಗೆ ಕಾರಣ ಪೆಡಲ್ ತಪ್ಪಿ ಒತ್ತಿದ್ದು ಅಂದಿತು. ಬ್ರೇಕ್ ಒತ್ತದೆ ಲಿವರ್ ಪಿಯಿಂದ ಹೊರಗೆ ಬಾರದ ವ್ಯವಸ್ಥೆ ಎಲ್ಲ ಕಡೆ ಹರಡಲು ಆ ಗಲಾಟೆಯೂ ಒಂದು ಕಾರಣ. ಸಣ್ಣ ಜಾಗದಲ್ಲಿ ಹಿಂದೆ ಮುಂದೆ ಮಾಡುವಾಗ ಹಿಮ್ಮಡಿಯನ್ನು ಬ್ರೇಕ್‌ನ ನೇರಕ್ಕೆ ಇಟ್ಟು, ಬ್ರೇಕ್ ಸಡಿಲಿಸಿ ತೆವಳಿಸಿಯೇ ಕಾರು ಜರುಗಿಸಿ. ಹಾಗೇನಾದರೂ ನುಗ್ಗಿದರೆ ಒತ್ತಿರುವ ಕಾಲನ್ನು ಮೊದಲು ಎತ್ತಿ, ಆಮೇಲೆ ಬ್ರೇಕ್. ಆಕ್ಸಿಲರೇಟರ್ ನಿಜಕ್ಕೂ ಮ್ಯಾಟ್‌ಗೆ ಸಿಕ್ಕಿಕೊಂಡಿದ್ದರೆ ಬ್ರೇಕ್ ಬಲವಾಗಿ ಒತ್ತಿ ಲಿವರ್ ಎನ್‌ಗೆ ತನ್ನಿ, ಎಂಜಿನ್ ಎಷ್ಟಾದರೂ ಅರಚಲಿ. ಆರ್‌ನಿಂದ ಡಿಗೆ ಹೋಗುವಾಗ, ಪಿಗೆ ಹೋಗುವಾಗ ಕಾರು ಪೂರ್ತಿ ನಿಂತಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಬ್ಯಾಟರಿ ಸತ್ತು ಲಿವರ್ ಪಿಯಲ್ಲೇ ಸಿಕ್ಕಿಕೊಂಡರೆ

ಲಿವರ್ ಪಕ್ಕದಲ್ಲಿ ಬೆರಳುಗುರಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಬಹಳ ಕಾರುಗಳಲ್ಲಿ. ಅದನ್ನು ತೆಗೆದು ಸ್ಕ್ರೂಡ್ರೈವರ್ ತುದಿ ಒಳಗೆ ಒತ್ತಿ ಹಿಡಿದರೆ ಲಿವರ್ ಎನ್‌ಗೆ ಬರುತ್ತದೆ. ಒತ್ತುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದಿದೆಯಾ ನೋಡಿ, ಯಾಕೆಂದರೆ ಆ ಕ್ಷಣದವರೆಗೆ ಕಾರನ್ನು ಹಿಡಿದಿದ್ದ ಅಗುಳಿಯನ್ನು ನೀವೇ ತೆಗೆಯುತ್ತಿದ್ದೀರಿ. ಎಳೆದುಕೊಂಡು ಹೋಗಬೇಕಾದರೆ ಎಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗದ ಹಾಗೆ ಎತ್ತಿಸಿ, ಇಲ್ಲವೇ ಇಡೀ ಕಾರನ್ನೇ ಲಾರಿಯ ಮೇಲೆ ಹೇರಿಸಿ. ಎಂಜಿನ್ ಓಡದಿದ್ದಾಗ ಗೇರ್‌ಬಾಕ್ಸ್ ಒಳಗಿನ ಎಣ್ಣೆಯ ಪಂಪ್ ಕೂಡ ಓಡುವುದಿಲ್ಲ.